ನಿಂತಲ್ಲೇ ಹಾರುವ ಓಪಾ-ಓಪಾ

ಅಂಕೋಲೆಯಿಂದ ಕಾರವಾರದ ಕಡೆಗೆ ಹೊರಟ ರೈಲಿನಲ್ಲಿ ಬಲಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಒಂದು ವಿನೋದ ನೋಡಬಹುದು. ಹಳಿಯ ಪಕ್ಕದ ಮರಗಳು ಸರ್ರನೆ ಹಿಂದಕ್ಕೆ ಓಡುತ್ತವೆ. ಸ್ವಲ್ಪ ಆಚೆಯ ಗದ್ದೆ, ಗದ್ದೆಯಂಚಿನ ಮನೆ ನಿಧಾನವಾಗಿ ಸರಿಯುತ್ತವೆ. ದೂರದ ಗುಡ್ಡದ ಸಾಲು ಮಾತ್ರ ಕದಲದೆ ರೈಲಿನ ಜೊತೆಗೇ ಬರುತ್ತಿರುವಂತೆ ಕಾಣುತ್ತದೆ. ಭಾವಿಕೇರಿಯ ಶಾಲಾ ಬಾಲಕನೂ ಕಂಡಿರುವ, ಕಂಡು ಮರೆತಿರುವ ನೋಟವಿದು. ಇದೇ ನೋಟವನ್ನು ಬಂಡವಾಳ ಮಾಡಿಕೊಂಡು ಬೆಳೆದ ಆಟಗಳ ಒಂದು ದೊಡ್ಡ ಬಳಗವೇ ಇದೆ. ಪರದೆಯ ಮೇಲಿನ ದೃಶ್ಯ ಪಕ್ಕಕ್ಕೆ ಸರಿಯುತ್ತ ಹೋಗುವಾಗ, ಅದರ ನಡುವೆ ಹಾರುತ್ತ ವೈರಿಗಳತ್ತ ಗುಂಡು ಹಾರಿಸುವ ವಿಡಿಯೋ ಗೇಮ್‌ಗಳ ಬಳಗವದು.

ಮಕ್ಕಳು ಅದನ್ನು 'ಗೇಮ್' ಎನ್ನುತ್ತಾರೆ. ಹಿರಿಯರು 'ಹಾಳು ಗೇಮ್' ಎನ್ನುತ್ತಾರೆ. ಇಬ್ಬರೂ ಅದರ ಒಳಗೆ ಇಣುಕಿ ನೋಡುವುದು ಕಡಿಮೆ. ಒಳಗೆ ಇಣುಕಿದರೆ ಅಲ್ಲಿ ಕಾಣುವುದು ಎಂಟನೆಯ, ಒಂಬತ್ತನೆಯ ತರಗತಿಯ ಗಣಿತ ಮತ್ತು ವಿಜ್ಞಾನ. ಜೊತೆಗೆ, ಆಡುವವನ ಸಮಯವನ್ನೂ ಹಣವನ್ನೂ ಸೆಳೆಯುವ ಒಂದು ಲೆಕ್ಕಾಚಾರವೂ ಕಾಣುತ್ತದೆ. ಎರಡನ್ನೂ ಅರಿತ ಮಗುವನ್ನು ಆಟ ಆಳುವುದು ಕಷ್ಟ.

ಬಣ್ಣದ ಲೋಕದ ಪುಟ್ಟ ವೀರ

ಉದಾಹರಣೆಗೆ 'ಫ್ಯಾಂಟಸಿ ಜೋನ್' ಎಂಬ ಆಟವನ್ನೇ ತೆಗೆದುಕೊಳ್ಳಬಹುದು. ಜಪಾನಿನ ಸೆಗಾ ಕಂಪನಿ 1986ರಲ್ಲಿ ಇದನ್ನು ಹೊರತಂದಿತು. ಆಗ ಇದು ನಾಣ್ಯ ಹಾಕಿ ನಿಂತು ಆಡುವ, ಕಪಾಟಿನಷ್ಟು ದೊಡ್ಡ ಯಂತ್ರದಲ್ಲಿ ಬಂದ ಆಟ. ಅದುವರೆಗೆ ಇಂಥ ಗುಂಡಿನ ಆಟಗಳೆಂದರೆ ಹೆಚ್ಚಾಗಿ ಕಪ್ಪು ಆಕಾಶ, ರಾಕೆಟ್ಟು, ಬಾಹ್ಯಾಕಾಶದ ಯುದ್ಧ. ಫ್ಯಾಂಟಸಿ ಜೋನ್ ಮಾತ್ರ ಅಜ್ಜಿಕತೆಯ ಮಾಯಾಲೋಕದಂತೆ ಗುಲಾಬಿ, ಹಳದಿ, ತಿಳಿಹಸಿರು ಬಣ್ಣಗಳಲ್ಲಿ ಮೂಡಿತು. ಅದರ ನಾಯಕನ ಹೆಸರು ಓಪಾ-ಓಪಾ. ಮೊಟ್ಟೆಯಾಕಾರದ ಮೈ, ಎರಡು ಪುಟ್ಟ ರೆಕ್ಕೆ. ನೆಲಕ್ಕಿಳಿದರೆ ಅವನಿಗೆ ಕಾಲು ಮೂಡಿ ಪುಟುಪುಟು ನಡೆಯುತ್ತಾನೆ! ಮೊದಲ ಹಂತದ ಕೊನೆಯಲ್ಲಿ ಎದುರಾಗುವ ದೊಡ್ಡ ವೈರಿ ಒಂದು ಮರದ ಕೊರಡು. ಅದು ಬಾಯಿಂದ ಎಲೆಗಳನ್ನು ಉಗುಳುತ್ತದೆ.

ಓಪಾ-ಓಪಾ ಎಡಕ್ಕೂ ಹಾರಬಲ್ಲ, ಬಲಕ್ಕೂ ಹಾರಬಲ್ಲ. ಒಂದೇ ದಿಕ್ಕಿಗೆ ಹಾರುತ್ತ ಹೋದರೆ ಹೊರಟ ಜಾಗಕ್ಕೇ ಮರಳುತ್ತಾನೆ, ಭೂಮಿಯನ್ನು ಸುತ್ತಿ ಬಂದವರಂತೆ. ಹೀಗೆ ಎರಡೂ ಕಡೆ ಸರಿಯುವ ಲೋಕವನ್ನು 1981ರ 'ಡಿಫೆಂಡರ್' ಎಂಬ ಅಮೆರಿಕನ್ ಆಟ ಮೊದಲೇ ತೋರಿಸಿತ್ತು. ಯೂಜೀನ್ ಜಾರ್ವಿಸ್ ಎಂಬಾತ ಅದನ್ನು ವಿಲಿಯಮ್ಸ್ ಕಂಪನಿಗಾಗಿ ರೂಪಿಸಿದ್ದ.

1987ರಲ್ಲಿ ಫ್ಯಾಂಟಸಿ ಜೋನ್ ಆಟವು ನಿಂಟೆಂಡೋ ಕಂಪನಿಯ 'ಫ್ಯಾಮಿಕಾಮ್' ಯಂತ್ರಕ್ಕೂ ಬಂತು. ಟಿವಿಗೆ ಜೋಡಿಸಿ ಮನೆಯಲ್ಲೇ ಆಡುವ ಯಂತ್ರವಿದು. 1990ರ ದಶಕದಲ್ಲಿ ನಮ್ಮ ನಗರ-ಪಟ್ಟಣಗಳ ಅನೇಕ ಮನೆಗಳಿಗೆ 'ಟಿವಿ ಗೇಮ್' ಎಂದು ಬಂದ ಅಗ್ಗದ ಯಂತ್ರಗಳಲ್ಲಿ ಹೆಚ್ಚಿನವು ಈ ಫ್ಯಾಮಿಕಾಮ್‌ನ ನಕಲುಗಳೇ. ಇಂದು ನಲವತ್ತು ದಾಟಿರುವ ಎಷ್ಟೋ ಪಾಲಕರು ಬಾಲ್ಯದಲ್ಲಿ ಅದರ ಮುಂದೆ ಬೈಸಿಕೊಂಡವರೇ!

ಹಾರುವುದು ಯಾರು?

ಯಕ್ಷಗಾನ ನೋಡಿದವರಿಗೆ ಒಂದು ಸಂಗತಿ ಗೊತ್ತು. ದ್ವಾರಕೆಯಿಂದ ಹಸ್ತಿನಾವತಿಗೆ ಹೊರಟ ಕೃಷ್ಣ ರಂಗಸ್ಥಳ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಯೇ ಕುಣಿದು ನಾಲ್ಕು ಸುತ್ತು ಹಾಕುತ್ತಾನೆ, ಭಾಗವತರ ಪದ ಮುಗಿಯುವ ಹೊತ್ತಿಗೆ ಹಸ್ತಿನಾವತಿ ಬಂದಿರುತ್ತದೆ. ನೋಡುವವರ ಮನಸ್ಸಿನಲ್ಲಿ ಊರು ಬದಲಾಗುತ್ತದೆ, ವೇಷಧಾರಿ ಅಲ್ಲಿಯೇ ಇರುತ್ತಾನೆ.

ಓಪಾ-ಓಪಾ ಮಾಡುವುದೂ ಇಷ್ಟೇ. ಅವನು ಬಲಕ್ಕೆ ಹಾರಿದನೆಂದು ಆಡುವವನಿಗೆ ಅನಿಸುತ್ತದೆ. ಆದರೆ ಗಾಜಿನ ಪರದೆಯ ಮೇಲೆ ಬೆರಳಿಟ್ಟು ನೋಡಿದರೆ ಅವನು ಹೆಚ್ಚು ಕಡಿಮೆ ನಡುಭಾಗದಲ್ಲೇ ಇರುತ್ತಾನೆ. ಅವನ ಹಿಂದಿನ ಗಿಡ, ಗುಡ್ಡ, ಹೂವುಗಳು ಎಡಕ್ಕೆ ಸರಿಯುತ್ತವೆ. ಚಲನೆ ಸಾಪೇಕ್ಷ ಎಂಬ ಪಾಠ ಇದೇ. ಪಕ್ಕದ ಹಳಿಯ ರೈಲು ಹೊರಟಾಗ ನಮ್ಮ ರೈಲೇ ಹೊರಟಿತೆಂದು ಬೆಚ್ಚುವುದಿಲ್ಲವೆ, ಅದೇ ಭ್ರಮೆ ಇಲ್ಲಿ ಮನರಂಜನೆಯಾಗಿದೆ.

ಇನ್ನೊಂದು ಭ್ರಮೆಯೂ ಇದರೊಳಗೆ ಸೇರಿದೆ. ಪರದೆಯ ಮೇಲೆ ನಿಜಕ್ಕೂ ಏನೂ ಜಾರುವುದಿಲ್ಲ. ಸೆಕೆಂಡಿಗೆ ಸುಮಾರು 60 ಸಲ ಹೊಸ ಚಿತ್ರ ಮೂಡುತ್ತದೆ. ಪ್ರತಿ ಚಿತ್ರದಲ್ಲೂ ಗುಡ್ಡ ಒಂದೆರಡು ಚುಕ್ಕಿಯಷ್ಟು ಪಕ್ಕಕ್ಕೆ ಇರುತ್ತದೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲೇ ನಮ್ಮನ್ನು ನಂಬಿಸುತ್ತದೆ. 60 ಚಿತ್ರಗಳಾದರೆ ಚಲನೆ ಬೆಣ್ಣೆಯಷ್ಟು ನುಣುಪು. ಬಿಡಿ ಚಿತ್ರಗಳನ್ನು ಹೊಲಿದು ಒಂದು ಓಟವನ್ನಾಗಿ ಮಾಡುವುದು ನೋಡುವವರ ಮಿದುಳು.

ಒಂದೇ ಸಂಖ್ಯೆ ಬದಲಾದರೆ ಸಾಕು

ಸೆಕೆಂಡಿಗೆ 60 ಚಿತ್ರ ಬರೆಯುವುದು ಆಗಿನ ಗಣಕಗಳಿಗೆ ಸುಲಭವಿರಲಿಲ್ಲ. ಫ್ಯಾಂಟಸಿ ಜೋನ್ ನಡೆಯುತ್ತಿದ್ದ ಸೆಗಾ ಯಂತ್ರದ ಹೆಸರು 'ಸಿಸ್ಟಮ್ 16'. ಅದರ ಪರದೆಯಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 224 ಚುಕ್ಕಿಗಳು. ಗುಣಿಸಿದರೆ 71,680 ಚುಕ್ಕಿಗಳಾಯಿತು. ಅದರ ಮಿದುಳು ಮೊಟೊರೊಲಾ 68000 ಎಂಬ ಚಿಪ್ಪು. ಸೆಕೆಂಡಿಗೆ ಒಂದು ಕೋಟಿ ಬಡಿತ ಅದರ ವೇಗ. ಕೋಟಿಯೆಂದರೆ ಬಹಳವೆನಿಸಬಹುದು. ಆದರೆ 60ರಿಂದ ಭಾಗಿಸಿ ನೋಡಿ: ಒಂದು ಚಿತ್ರಕ್ಕೆ ದಕ್ಕುವುದು ಸುಮಾರು 1,66,667 ಬಡಿತ. ಅಂದರೆ ಒಂದು ಚುಕ್ಕಿಗೆ ಎರಡು ಕಾಲು ಬಡಿತಕ್ಕಿಂತ ತುಸು ಹೆಚ್ಚು. ಸ್ಮೃತಿಕೋಶದಲ್ಲಿ ಒಮ್ಮೆ ಬರೆಯಲು ಈ ಚಿಪ್ಪಿಗೆ ಕನಿಷ್ಠ 4 ಬಡಿತ ಬೇಕು. ಒಂದೇ ಏಟಿಗೆ ಎರಡು ಚುಕ್ಕಿ ಬರೆದರೂ ಚುಕ್ಕಿಗೆ ಎರಡು ಬಡಿತ ಅಲ್ಲಿಯೇ ಮುಗಿದುಹೋಗುತ್ತದೆ. ಇನ್ನು ವೈರಿಗಳನ್ನು ಓಡಿಸುವುದು ಯಾವಾಗ, ಅಂಕ ಎಣಿಸುವುದು ಯಾವಾಗ?

ಎಂಜಿನಿಯರುಗಳು ಇದಕ್ಕೆ ಹೂಡಿದ ಉಪಾಯ ಮನೆಗೆ ಟೈಲ್ಸ್ ಹಾಕುವವರ ಉಪಾಯವೇ. ಪರದೆಯನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಬಿಲ್ಲೆಗಳಾಗಿ ವಿಂಗಡಿಸಿದರು. ಆಗ ಅಡ್ಡಕ್ಕೆ 40, ಉದ್ದಕ್ಕೆ 28, ಒಟ್ಟು 1,120 ಬಿಲ್ಲೆ ಸಾಕು. ಹೂವಿನ ಬಿಲ್ಲೆ, ಹುಲ್ಲಿನ ಬಿಲ್ಲೆ, ಆಕಾಶದ ಬಿಲ್ಲೆಗಳನ್ನು ಒಮ್ಮೆ ಮಾಡಿಟ್ಟುಕೊಂಡರೆ, ಯಾವ ಜಾಗಕ್ಕೆ ಎಷ್ಟನೆಯ ನಂಬರಿನ ಬಿಲ್ಲೆ ಎಂದು ಹೇಳಿದರೆ ಮುಗಿಯಿತು. ಬಣ್ಣ ತುಂಬುವ ಕೆಲಸವನ್ನು ಅದಕ್ಕೆಂದೇ ಇರುವ ಬೇರೆ ಮಂಡಲಗಳು ನೋಡಿಕೊಳ್ಳುತ್ತವೆ.

ಇನ್ನು ಸರಿಸುವುದು ಹೇಗೆ? 'ಚಿತ್ರವನ್ನು ಇಷ್ಟನೆಯ ಚುಕ್ಕಿಯಿಂದ ತೋರಿಸಲು ಆರಂಭಿಸು' ಎಂಬ ಒಂದು ಸಂಖ್ಯೆಯನ್ನು ಯಂತ್ರದಲ್ಲಿ ಇಟ್ಟಿರುತ್ತಾರೆ. ಅದನ್ನು 0, 2, 4, 6 ಎಂದು ಹೆಚ್ಚಿಸುತ್ತ ಹೋದರೆ ಇಡೀ ಲೋಕ ಎಡಕ್ಕೆ ಸರಿಯುತ್ತದೆ. ಒಂದು ಚಿತ್ರಕ್ಕೆ 2 ಚುಕ್ಕಿಯಂತೆ ಸರಿದರೆ ಸೆಕೆಂಡಿಗೆ 120 ಚುಕ್ಕಿ. 320 ಚುಕ್ಕಿಯ ಪರದೆ ದಾಟಲು ಸುಮಾರು 2.7 ಸೆಕೆಂಡು. ಪ್ರತಿ 8 ಚುಕ್ಕಿ ಸರಿದಾಗ ಬಲ ಅಂಚಿನಲ್ಲಿ 28 ಬಿಲ್ಲೆಗಳ ಒಂದು ಹೊಸ ಸಾಲು ಜೋಡಿಸಿದರೆ ಸಾಕು. 71,680 ಚುಕ್ಕಿ ಬರೆಯಬೇಕಾದ ಕಡೆ 28 ಸಂಖ್ಯೆ! ಮಾಯಾಲೋಕದ ಮಾಯೆ ಇರುವುದು ಈ ಉಳಿತಾಯದಲ್ಲಿ.

ಬಡತನ ಎಷ್ಟಿತ್ತೆಂದರೆ, ಮೇಲೆ ಹೇಳಿದ ಫ್ಯಾಮಿಕಾಮ್‌ನಲ್ಲಿ ಲೆಕ್ಕ ಬರೆದಿಟ್ಟುಕೊಳ್ಳಲು ಇದ್ದ ಸ್ಮೃತಿ ಕೇವಲ 2,048 ಬೈಟು. ಇಂದಿನ ಕಂಪ್ಯೂಟರಿನಲ್ಲಿ ಯುನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ 3 ಬೈಟು ಬೇಕು. ಆ ಲೆಕ್ಕದಲ್ಲಿ ಈ ಲೇಖನದ ಒಂದೆರಡು ಪ್ಯಾರಾ ಕೂಡ ಅದರಲ್ಲಿ ಹಿಡಿಸದು.

ಚುಕ್ಕಿ ರಂಗೋಲಿಯ ಗಣಿತ

ಬಿಲ್ಲೆಯೊಳಗಿನ ಚಿತ್ರವನ್ನು ಸಂಖ್ಯೆಯಾಗಿ ಬರೆಯುವುದು ಹೇಗೆಂದು ಮನೆಯಲ್ಲೇ ಮಾಡಿ ನೋಡಬಹುದು. ಗ್ರಾಫ್ ಹಾಳೆಯ ಮೇಲೆ 8 ಮನೆ ಅಗಲ, 8 ಮನೆ ಎತ್ತರದ ಚೌಕ ಗೀಚಿಕೊಳ್ಳಿ. ಮೇಲೆ ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಬರೆಯಿರಿ. ಈಗ ಮೇಲಿನ ಸಾಲಿನಿಂದ ಕೆಳಕ್ಕೆ ಈ ಎಂಟು ಸಂಖ್ಯೆಗಳನ್ನು ತೆಗೆದುಕೊಳ್ಳಿ: 16, 24, 28, 30, 16, 255, 126, 60. ಪ್ರತಿ ಸಂಖ್ಯೆಯನ್ನೂ ಮೇಲಿನ ಅಂಕಿಗಳ ಮೊತ್ತವಾಗಿ ಒಡೆಯಬೇಕು. 24 ಎಂದರೆ 16 ಮತ್ತು 8. ಆದ್ದರಿಂದ ಎರಡನೆಯ ಸಾಲಿನಲ್ಲಿ 16 ಮತ್ತು 8ರ ಕೆಳಗಿನ ಮನೆಗಳಿಗೆ ಬಣ್ಣ. ಹೀಗೆ ಎಂಟೂ ಸಾಲು ತುಂಬಿದಾಗ ಮೂಡುವ ಚಿತ್ರ ಕರಾವಳಿಯ ಮಕ್ಕಳಿಗೆ ಅಪರಿಚಿತವಲ್ಲ. ಉತ್ತರ ಇಲ್ಲಿ ಹೇಳುವುದು ಬೇಡ.

ತುಂಬಿದ ಮನೆಗೆ 1, ಖಾಲಿ ಮನೆಗೆ 0 ಎಂದು ಬರೆದರೆ ಅದೇ ದ್ವಿಮಾನ ಪದ್ಧತಿ. ಒಂದು ವಿಶೇಷ ಗಮನಿಸಿ: ಮೊದಲ ಸಾಲಿನ 16ನ್ನು ಅರ್ಧ ಮಾಡಿದರೆ 8, ಬಣ್ಣದ ಚುಕ್ಕಿ ಒಂದು ಮನೆ ಬಲಕ್ಕೆ ಹೋಯಿತು. ದುಪ್ಪಟ್ಟು ಮಾಡಿದರೆ 32. ಒಂದು ಮನೆ ಎಡಕ್ಕೆ. ಭಾಗಾಕಾರವೇ ಚಲನೆಯಾಗುವ ಇಂಥ ಬೆರಗು ಪಠ್ಯಪುಸ್ತಕದ ಅಭ್ಯಾಸದಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಹತ್ತಿರದ್ದು ಓಟ, ದೂರದ್ದು ನಡಿಗೆ

ಈಗ ರೈಲಿನ ಕಿಟಕಿಯ ಲೆಕ್ಕ. ರೈಲಿನ ವೇಗ ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಹಳಿಯಿಂದ 20 ಮೀಟರ್ ದೂರದ ಮರ ನಮ್ಮ ಎದುರು ಹಾದುಹೋಗುವ ಕ್ಷಣದಲ್ಲಿ ಅದನ್ನು ಹಿಂಬಾಲಿಸುವ ದೃಷ್ಟಿ ಸೆಕೆಂಡಿಗೆ ಸುಮಾರು 57 ಡಿಗ್ರಿಯ ವೇಗದಲ್ಲಿ ತಿರುಗಬೇಕು. 5 ಕಿ.ಮೀ. ದೂರದ ಗುಡ್ಡಕ್ಕಾದರೆ ಕಾಲು ಡಿಗ್ರಿಯೂ ಬೇಡ. ದೂರ 250 ಪಟ್ಟು ಹೆಚ್ಚಿದರೆ ತೋರಿಕೆಯ ವೇಗ 250 ಪಟ್ಟು ತಗ್ಗುತ್ತದೆ. ದೂರ ಹೆಚ್ಚಿದಷ್ಟೂ ತೋರಿಕೆಯ ಸರಿದಾಟ ಕಡಿಮೆಯಾಗುವ ಈ ನಿಯಮದ ಆಧಾರದ ಮೇಲೆಯೇ ಖಗೋಳ ವಿಜ್ಞಾನಿಗಳು ಹತ್ತಿರದ ನಕ್ಷತ್ರಗಳ ದೂರ ಅಳೆಯುತ್ತಾರೆ. ಅವರ ರೈಲು ಸೂರ್ಯನನ್ನು ಸುತ್ತುವ ಭೂಮಿ.

ಆಟ ಮಾಡುವವರು ಇದನ್ನು ತಿರುಗಿಸಿ ಬಳಸಿದರು. ಮುಂದಿನ ಪದರವನ್ನು ಒಂದು ಚಿತ್ರಕ್ಕೆ 4 ಚುಕ್ಕಿ, ನಡುವಿನದನ್ನು 2, ಹಿಂದಿನದನ್ನು 1 ಚುಕ್ಕಿ ಸರಿಸಿದರೆ, ಚಪ್ಪಟೆ ಗಾಜಿನ ಮೇಲೆ ಆಳವಿದ್ದಂತೆ ಕಣ್ಣು ಮೋಸಹೋಗುತ್ತದೆ. 1982ರ 'ಮೂನ್ ಪ್ಯಾಟ್ರೋಲ್' ಎಂಬ ಜಪಾನಿ ಆಟ ಈ ತಂತ್ರವನ್ನು ಜನಪ್ರಿಯಗೊಳಿಸಿತು.

ಗುಂಡು ತಗಲಿತೇ?

ಗುಂಡು ವೈರಿಗೆ ತಗಲಿದ್ದು ಯಂತ್ರಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ. ಅದು ಗುಂಡಿನ ಸುತ್ತ ಒಂದು ಆಯತ, ವೈರಿಯ ಸುತ್ತ ಒಂದು ಆಯತ ಎಂದು ಭಾವಿಸಿಕೊಳ್ಳುತ್ತದೆ. ಒಂದರ ಎಡ ಅಂಚು ಮತ್ತೊಂದರ ಬಲ ಅಂಚಿಗಿಂತ ಎಡಕ್ಕಿದೆಯೇ? ಒಂದರ ಬಲ ಅಂಚು ಮತ್ತೊಂದರ ಎಡ ಅಂಚಿಗಿಂತ ಬಲಕ್ಕಿದೆಯೇ? ಮೇಲೆ ಕೆಳಗೆ ಇಂಥದೇ ಎರಡು ಪ್ರಶ್ನೆ. ನಾಲ್ಕಕ್ಕೂ 'ಹೌದು' ಬಂದರೆ ಢಮಾರ್! ನಿರ್ದೇಶಾಂಕ ರೇಖಾಗಣಿತ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ಕೇಳುವ ವಿದ್ಯಾರ್ಥಿಗೆ ಇದೊಂದು ಉತ್ತರ.

ಆಡುವವನ ದೇಹದ ಲೆಕ್ಕವೂ ಇದೆ. ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಅಲ್ಲಿಂದ ಬೆರಳಿಗೆ ಅಪ್ಪಣೆ ಬರಲು ಸುಮಾರು 0.2 ಸೆಕೆಂಡು ಬೇಕು. ಇದನ್ನು ಅಳೆಯಲು 30 ಸೆಂ.ಮೀ. ಉದ್ದದ ಸ್ಕೇಲು ಸಾಕು. ಒಬ್ಬರು ಅದನ್ನು ಮೇಲಿನ ತುದಿಯಲ್ಲಿ ಹಿಡಿದು ಹೇಳದೆ ಬಿಡಬೇಕು; ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಬೆರಳು ತೆರೆದಿಟ್ಟು ಹಿಡಿಯಬೇಕು. 20 ಸೆಂ.ಮೀ. ಗುರುತಿನಲ್ಲಿ ಸಿಕ್ಕರೆ 0.2 ಸೆಕೆಂಡು, 15ರಲ್ಲಿ ಸಿಕ್ಕರೆ ಸುಮಾರು 0.175 ಸೆಕೆಂಡು. ಮುಕ್ತ ಪತನದ ಸೂತ್ರದಿಂದ ಲೆಕ್ಕ ಹಾಕಬಹುದು. ಆ 0.2 ಸೆಕೆಂಡಿನಲ್ಲಿ ಆಟದ 12 ಚಿತ್ರಗಳು ದಾಟಿರುತ್ತವೆ. ಚಿತ್ರಕ್ಕೆ 4 ಚುಕ್ಕಿ ಓಡುವ ಗುಂಡು 48 ಚುಕ್ಕಿ ಮುಂದೆ ಬಂದಿರುತ್ತದೆ. ಗುಂಡಿನ ವೇಗ ಎಷ್ಟಿದ್ದರೆ ಆಟಗಾರ ಸೋಲುತ್ತಾನೆ, ಎಷ್ಟಿದ್ದರೆ ಕೂದಲೆಳೆಯಲ್ಲಿ ಪಾರಾಗುತ್ತಾನೆ ಎಂಬುದು ಆಟ ಮಾಡುವವರಿಗೆ ಚೆನ್ನಾಗಿ ಗೊತ್ತು.

ಬೆಲೆ ಏರುವ ಅಂಗಡಿ

ಇಲ್ಲಿಂದ ಪಾಲಕರು ಗಮನಿಸಬೇಕಾದ ಭಾಗ. ಫ್ಯಾಂಟಸಿ ಜೋನ್‌ನಲ್ಲಿ ವೈರಿಗಳು ಬಿದ್ದಾಗ ನಾಣ್ಯ ಉದುರುತ್ತವೆ. ಬಲೂನಿನಂತೆ ತೇಲಿಬರುವ ಅಂಗಡಿಯನ್ನು ಮುಟ್ಟಿದರೆ ಆ ನಾಣ್ಯ ಕೊಟ್ಟು ವೇಗದ ಎಂಜಿನ್, ದೊಡ್ಡ ಬಾಂಬು ಕೊಳ್ಳಬಹುದು. ಆದರೆ ಒಂದು ವಸ್ತುವನ್ನು ಮತ್ತೆ ಕೊಂಡಂತೆಲ್ಲ ಅದರ ಬೆಲೆ ಏರುತ್ತದೆ. ಕೆಲವು ಅಸ್ತ್ರಗಳು ಕೆಲವೇ ಕ್ಷಣ ಬಾಳುತ್ತವೆ. ಒಂದು ಜೀವ ಹೋದರೆ ಕೊಂಡದ್ದೂ ಹೋಗುತ್ತದೆ. ಅತಿ ವೇಗದ ಎಂಜಿನ್ ಕೊಂಡವನು ಹಿಡಿತ ತಪ್ಪಿ ತಾನೇ ಹೋಗಿ ವೈರಿಗೆ ಗುದ್ದುತ್ತಾನೆ! ದುಡಿದದ್ದನ್ನು ಯೋಚಿಸಿ ಖರ್ಚು ಮಾಡು ಎಂಬ ಪಾಠವನ್ನು ಆಟವೇ ಹೇಳಿದಂತಾಯಿತು.

ಆ ಅಂಗಡಿಯಲ್ಲಿ ನಡೆಯುತ್ತಿದ್ದುದು ಆಟದೊಳಗಿನ ನಾಣ್ಯ ಮಾತ್ರ. ಯಂತ್ರದ ಮಾಲೀಕನಿಗೆ ಬೇಕಾದ ನಿಜವಾದ ನಾಣ್ಯ ಬೇರೆ ದಾರಿಯಿಂದ ಬರುತ್ತಿತ್ತು. ಜಪಾನಿನಲ್ಲಿ 100 ಯೆನ್, ಅಮೆರಿಕದಲ್ಲಿ ಕಾಲು ಡಾಲರ್, ನಮ್ಮ ನಗರಗಳ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ರೂಪಾಯಿ ಲೆಕ್ಕ. ಆಟ ಬೇಗ ಮುಗಿದಷ್ಟೂ ಡಬ್ಬಿಗೆ ಲಾಭ. ಆದರೆ ತೀರ ಬೇಗ ಮುಗಿದರೆ ಹುಡುಗ ಮತ್ತೆ ಬಾರನು. 'ಇನ್ನೊಮ್ಮೆ ಆಡಿದರೆ ಗೆದ್ದೇ ಬಿಡುತ್ತಿದ್ದೆ' ಎನಿಸುವ ಜಾಗದಲ್ಲೇ ಸೋಲಿಸಬೇಕು. ಈ ತೂಕವನ್ನು ಕಂಡುಕೊಂಡ ಆಟವೇ ನಡೆಯುತ್ತಿತ್ತು. ಕಿಸೆಯ ನಾಣ್ಯ ಮುಗಿದಾಗ ಮಾತ್ರ ಹುಡುಗ ಮನೆಗೆ ಬರಲೇಬೇಕಿತ್ತು.

ಮೊಬೈಲ್ ಬಂದ ಮೇಲೆ ಆ ಬೇಲಿ ಹೋಯಿತು. ಇಂದಿನ ಅನೇಕ ಆಟಗಳು ಬಿಟ್ಟಿ. ಆದರೆ ಅವುಗಳ ಒಳಗಿನ ಅಂಗಡಿ ನಿಜವಾದ ಹಣ ಕೇಳುತ್ತದೆ. ಅದರ ಕೈ ತಂದೆಯ ಬ್ಯಾಂಕ್ ಖಾತೆಯವರೆಗೂ ಚಾಚಬಲ್ಲದು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಂಥ ಹಣದಾಟಗಳನ್ನು ದೇಶಕ್ಕೆಲ್ಲ ಅನ್ವಯವಾಗುವಂತೆ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಆದರೆ ಪಣವಿಲ್ಲದ ಆಟದೊಳಗಿನ ಖರೀದಿಯ ವಿಷಯದಲ್ಲಿ ಮನೆಯವರ ಎಚ್ಚರವೇ ಮೊದಲ ಬೇಲಿ. ಹಣ ಪಾವತಿಯ ಗುಪ್ತ ಸಂಖ್ಯೆ ಮಕ್ಕಳ ಕೈಗೆ ಸಿಗದಿರಲಿ.

ಚಟವೆನ್ನುವುದು ಯಾವಾಗ?

ಆಡುವ ಮಕ್ಕಳೆಲ್ಲ ಚಟಕ್ಕೆ ಬಿದ್ದವರಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರ ಜನವರಿಯಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ 'ಗೇಮಿಂಗ್ ಡಿಸಾರ್ಡರ್' ಎಂಬುದು ಸೇರಿದೆ. ಅದರ ಲಕ್ಷಣ ಮೂರು: ಆಟದ ಮೇಲೆ ಹಿಡಿತ ತಪ್ಪುವುದು, ಓದು, ಊಟ, ಗೆಳೆಯರು ಎಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾಗುತ್ತಿದೆಯೆಂದು ಕಂಡರೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷದವರೆಗೆ ಮುಂದುವರಿದು ಬದುಕನ್ನು ಕೆಡಿಸಿದಾಗಲೇ ರೋಗವೆನ್ನುತ್ತಾರೆ. ಪರೀಕ್ಷೆ ಮುಗಿದ ವಾರ ಮೂರು ತಾಸು ಆಡಿದ ಮಗುವಿಗೆ ಆ ಹಣೆಪಟ್ಟಿ ಹಚ್ಚುವುದು ಸಲ್ಲ. ನಿಜವಾಗಿ ಹಿಡಿತ ತಪ್ಪಿದವರಿಗೆ ನೆರವು ನಮ್ಮ ರಾಜ್ಯದಲ್ಲೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯವನ್ನು ಇದಕ್ಕೆಂದೇ ತೆರೆಯಿತು. ತಂತ್ರಜ್ಞಾನದ ಆರೋಗ್ಯಕರ ಬಳಕೆ ಅದರ ಗುರಿ.

ಕಣ್ಣಿನ ವಿಷಯದಲ್ಲಿ ಸರಳ ಸೂತ್ರವೊಂದಿದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನ ವಸ್ತುವನ್ನು 20 ಸೆಕೆಂಡು ನೋಡುವುದು. ಅಂಗಳಕ್ಕೆ ಬಂದು ದೂರದ ತೆಂಗಿನ ತಲೆ ನೋಡಿದರೂ ಆದೀತು.

ಆಡುವವರು, ಮಾಡುವವರು

ಆಟ ಮಾಡುವುದು ಇಂದು ಒಂದು ವೃತ್ತಿ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಧ್ರುವ ಇಂಟರ್‌ಆ್ಯಕ್ಟಿವ್ ದೇಶದ ಮೊದಮೊದಲ ಗೇಮ್ ಕಂಪನಿಗಳಲ್ಲೊಂದು. 2019ರಲ್ಲಿ ಅದನ್ನು ಕೊಂಡದ್ದು ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಗೇಮ್ಸ್. ಇಂಥ ಕಡೆ ಚಿತ್ರ ಬರೆಯಬಲ್ಲವರು, ಸಂಗೀತ ಬಲ್ಲವರು, ಕತೆ ಕಟ್ಟುವವರು, ಲೆಕ್ಕ ಬಲ್ಲವರು ಎಲ್ಲರಿಗೂ ಕೆಲಸವಿದೆ. ಬರಿದೆ ಆಡಬಲ್ಲವರಿಗೆ ಅವಕಾಶ ತೀರ ಕಡಿಮೆ ಎಂಬುದನ್ನೂ ಮಕ್ಕಳು ತಿಳಿದಿರಬೇಕು.

ಕಲಿಕೆಗೆ ದುಬಾರಿ ಸಲಕರಣೆ ಬೇಡ. ಅಮೆರಿಕದ ಎಂ.ಐ.ಟಿ. ಸಂಸ್ಥೆ 2007ರಲ್ಲಿ ಹೊರತಂದ 'ಸ್ಕ್ರ್ಯಾಚ್' ಎಂಬ ತಂತ್ರಾಂಶ ಉಚಿತ. ಆದೇಶಗಳ ಬಿಲ್ಲೆಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಆಟ ಸಿದ್ಧ. ಅದರ ರಂಗಸ್ಥಳ 480 ಚುಕ್ಕಿ ಅಗಲ, 360 ಚುಕ್ಕಿ ಎತ್ತರ, ನಟ್ಟನಡುವೆ ಮೂಲಬಿಂದು. ಹಿಂದಿನ ಗುಡ್ಡದ ಎಕ್ಸ್ ಬೆಲೆಯನ್ನು ಸತತವಾಗಿ 2ರಂತೆ ಕಡಿಮೆ ಮಾಡಿದರೆ, ನಡುವೆ ನಿಂತ ಹಕ್ಕಿ ಬಲಕ್ಕೆ ಹಾರತೊಡಗುತ್ತದೆ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದು ಪೀರಿಯಡ್ಡು ಸಾಕು. ಕಂಪ್ಯೂಟರ್ ಇಲ್ಲದಿದ್ದರೆ ಗ್ರಾಫ್ ಹಾಳೆಯಂತೂ ಇದ್ದೇ ಇದೆ.

ಫ್ಯಾಂಟಸಿ ಜೋನ್‌ನ ಕತೆಗೆ ಒಂದು ಕೊನೆಯಿದೆ. ಎಂಟು ಹಂತಗಳಲ್ಲಿ ಗುಂಡು ಹಾರಿಸುತ್ತ ಬಂದ ಓಪಾ-ಓಪಾನಿಗೆ, ವೈರಿಗಳ ನಾಯಕ ಎಂದೋ ಕಾಣೆಯಾಗಿದ್ದ ತನ್ನ ತಂದೆಯೇ ಎಂದು ಕಟ್ಟಕಡೆಗೆ ತಿಳಿಯುತ್ತದೆ. ಗೆದ್ದರೂ ಅವನಿಗೆ ಸುಖವಿಲ್ಲ. ಮೊಬೈಲಿಗಾಗಿ ದಿನವೂ ಜಗಳವಾಡುವ ಮನೆಗಳಲ್ಲಿ ತಂದೆ-ಮಕ್ಕಳು ಇದನ್ನು ಓದಿ ಒಮ್ಮೆ ಯೋಚಿಸಬಹುದು. 'ಅದನ್ನು ಇಟ್ಟು ಓದಲು ಕೂಡು' ಎಂದು ಗದರುವ ಮುನ್ನ, 'ಅದು ಓಡುವುದು ಹೇಗೆ, ನನಗೂ ತೋರಿಸು' ಎಂದು ಪಕ್ಕದಲ್ಲಿ ಕುಳಿತು ಕೇಳಿದರೆ ನಷ್ಟವೇನೂ ಇಲ್ಲ. ಉತ್ತರ ಹುಡುಕುವ ಮಗು ಅರ್ಧ ತಾಸು ಆಟ ನಿಲ್ಲಿಸಿರುತ್ತದೆ, ಮತ್ತು ಆ ಅರ್ಧ ತಾಸು ಗಣಿತ ಮಾಡಿರುತ್ತದೆ.